ಗಂಡನಿಗೆ ಒಂದೇ ಕೆಲಸ: ಹೆರಿಗೆ ಕೋಣೆಯಲ್ಲಿ ನನ್ನ ಅನುಭವ

ಉಡುಪಿ, ಮಂಗಳೂರುಗಳ ನಡುವೆ ಡೌಲಾ (ಹೆರಿಗೆಯ ಹೊತ್ತಿನಲ್ಲಿ ತಾಯಿಯ ಜೊತೆಗಿದ್ದು ಆಸರೆಯಾಗುವವಳು) ಆಗಿ ಓಡಾಡುವ ನನಗೆ, ಹೆರಿಗೆ ಕೋಣೆಯೊಳಗೆ ಗಂಡನನ್ನು ನಿಲ್ಲಿಸುವ ವಿಷಯದಲ್ಲಿ ಮೊದಲ ಎರಡು ವರ್ಷ ಸಿಕ್ಕಿದ್ದು ಸೋಲೇ. ಸರ್ಕಾರಿ ಆಸ್ಪತ್ರೆಗಳಲ್ಲಿ ಜೊತೆಗೊಬ್ಬರು ಇರಲು ಕೇಂದ್ರವು 2016ರಲ್ಲಿ ಒಪ್ಪಿದ್ದರೂ ಅದು ಮೊದಲಿಗೆ ಹೆಣ್ಣು ನೆಂಟರಿಗೆ. ಗಂಡನಿಗೆ ಮರೆಯ ವ್ಯವಸ್ಥೆ ಇರುವಲ್ಲಿ ಮಾತ್ರ. ಒಳಗೆ ಬಿಟ್ಟ ಕಡೆಯೂ ಹಿರಿಯ ಸಿಸ್ಟರ್ ಒಬ್ಬರು, "ತಲೆ ತಿರುಗಿ ಬಿದ್ದರೆ ಅವರನ್ನೂ ನಾವೇ ಎತ್ತಬೇಕು" ಎಂದು ನಗುತ್ತಿದ್ದರು. ಮೊದಲ ಏಳೆಂಟು ಮಂದಿಯಲ್ಲಿ ಮೂವರು ಆ ಮಾತನ್ನು ನಿಜ ಮಾಡಿದರು.

ತಪ್ಪು ನನ್ನದೇ. ಬಾಡಿಗೆ ಕೋಣೆಯಲ್ಲಿ ನಾಲ್ಕು ಭಾನುವಾರ ಕೂರಿಸಿ ಉಸಿರಾಟ, ಮಾಲೀಸು, ಭಂಗಿಗಳೆಂದು ಹತ್ತಾರು ಸಂಗತಿ ಹೇಳಿಕೊಡುತ್ತಿದ್ದೆ. ನೋವು ಏರಿದಾಗ ಅವರಿಗೆ ಒಂದೂ ನೆನಪಾಗುತ್ತಿರಲಿಲ್ಲ. ಬಾಡಿಗೆ, ಕೂತು ಅಭ್ಯಾಸ ಮಾಡುವ ದೊಡ್ಡ ಚೆಂಡು, ಚಾಪೆಗಳಿಗೆ ಸುಮಾರು 30,000 ರೂಪಾಯಿ ಹೋಯಿತು. ಒಂದು ಜೋಡಿಗೆ 8,000 ಹಿಂದಿರುಗಿಸಿದ್ದೂ ಉಂಟು.

ಆಮೇಲೆ ಒಂದೇ ಕೆಲಸ ಉಳಿಸಿಕೊಂಡೆ: ನೋವು ಬಂದಾಗ ಸೊಂಟದ ಕೆಳಗಿನ ತ್ರಿಕೋನ ಮೂಳೆಯನ್ನು ಅಂಗೈಯ ಬುಡದಿಂದ ಒತ್ತಿ ಹಿಡಿಯುವುದು, ಇಳಿದಾಗ ಬಿಡುವುದು. ಮೊಣಕೈ ಮಡಿಸದೆ, ತೋಳಿನ ಬಲದಿಂದಲ್ಲದೆ ಮೈಭಾರದಿಂದ ಒತ್ತಬೇಕು. ಇಲ್ಲವಾದರೆ ಅರ್ಧ ಗಂಟೆಯಲ್ಲಿ ಕೈ ಸೋಲುತ್ತದೆ. ಎಂಟನೆಯ ತಿಂಗಳಿಂದ ದಿನಾ ರಾತ್ರಿ ಐದು ನಿಮಿಷ, ಹಗುರವಾಗಿ, ಜಾಗ ಕಂಡುಕೊಳ್ಳುವ ಅಭ್ಯಾಸ ಮಾಡಿಸಿದೆ.

ಇದು ಮೊದಲು ಗೆದ್ದದ್ದು ಮಲ್ಪೆಯ ಬೋಟಿನವರೊಬ್ಬರ ಕೈಯಲ್ಲಿ. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವುದರಿಂದ ಅವರು ಮನೆಯಲ್ಲಿಯೇ ಇದ್ದರು. ಬಲೆ ಎಳೆದು ಜಡ್ಡುಗಟ್ಟಿದ ಆ ಅಂಗೈಗಳು ಬೆಳಗಿನ ಜಾವ ಮೂರರಿಂದ ಒಂಬತ್ತರವರೆಗೆ ದಣಿಯಲಿಲ್ಲ. ಒಮ್ಮೆ ಅವರು ಸಮಾಧಾನ ಹೇಳಲು ಹೋದಾಗ ಆಕೆ, "ಮಾತು ಬೇಡ ಮಾರಾಯ್ರೇ, ಒತ್ತಿ" ಎಂದಳು. ನೀರು ಕುಡಿಸಲು, ಆಕೆಯನ್ನು ನಡೆಸಲು, ವೈದ್ಯರು ಹೇಳಿದ್ದನ್ನು ಬಿಡಿಸಿ ಹೇಳಲು ನನಗೆ ಕೈ ಬಿಡುವಾಯಿತು.

ನಡುವೆ ತೆಂಗಿನೆಣ್ಣೆ ಹಚ್ಚಿ ನೋಡಿದೆ, ಅಂಗೈ ಜಾರುತ್ತದೆ. ಹುರಿದ ಉಪ್ಪಿನ ಗಂಟಿನ ಶಾಖ ಚೆನ್ನಾಗಿಯೇ ಇತ್ತು, ಆದರೆ ಆಸ್ಪತ್ರೆಯಲ್ಲಿ ಉಪ್ಪು ಹುರಿಯುವವರು ಯಾರು? ಬಿಸಿನೀರಿನ ರಬ್ಬರ್ ಚೀಲಕ್ಕೇ ಮರಳಿದೆ. ನೋವು ತೀರಾ ಬಿಗಿಯಾದಾಗ ಗಂಡ ಬೆದರದಂತೆ ನಾನು ಮೊದಲೇ ಹೇಳಿಡುವ ಮಾತೊಂದಿದೆ. ಅದು ನನ್ನ ಹೊಟ್ಟೆಪಾಡು, ಇಲ್ಲಿ ಬರೆಯುವುದಿಲ್ಲ.

ಈಗ ನನ್ನ ದರ 15,000. ಆ ಬಳಿಕ ನಿಂತ ಸುಮಾರು ಇಪ್ಪತ್ತೈದು ಗಂಡಂದಿರಲ್ಲಿ ನಡುವೆ ಹೊರಗೆ ಹೋದವರು ಒಬ್ಬರೇ, ಅದೂ ಆಂಬ್ಯುಲೆನ್ಸಿಗೆ ಅಡ್ಡವಾಗಿದ್ದ ಕಾರು ತೆಗೆಯಲು ವಾಚ್‌ಮನ್ ಕರೆದದ್ದಕ್ಕೆ.