ರಕ್ತಪರೀಕ್ಷೆಯ ವರದಿಯಲ್ಲಿ ಅಲರ್ಜಿಯ ಜಾಡು ಹಿಡಿಯುವುದು ಹೇಗೆ?

ತಿಂಗಳುಗಟ್ಟಲೆ ಸೀನು, ಸೋರುವ ಮೂಗು, ರಾತ್ರಿಯ ಕೆಮ್ಮಿನಿಂದ ಬೇಸತ್ತು ರಕ್ತ ಪರೀಕ್ಷೆ ಮಾಡಿಸಿದವರು, ವರದಿಯಲ್ಲಿ ಈಸಿನೊಫಿಲ್ ಅಂಕಿ ಹೆಚ್ಚಿದ್ದರೆ ‘ನನಗೆ ಈಸ್ನೋಫಿಲಿಯಾ ಇದೆಯಂತೆ’ ಎಂದು ಅದನ್ನೇ ಕಾಯಿಲೆಯ ಹೆಸರಾಗಿ ಹೇಳಿಕೊಳ್ಳುವುದು ನಮ್ಮಲ್ಲಿ ರೂಢಿ. ಒಂದು ಬಗೆಯ ಬಿಳಿ ರಕ್ತಕಣ ಹೆಚ್ಚಿದೆ ಎಂಬುದಷ್ಟೇ ಅದರ ಅರ್ಥ. ಅಲರ್ಜಿಗೆ ಕಿಡಿ ಹಚ್ಚುವ ಕಣಗಳು ಬೇರೆಯೇ ಇವೆ.

ಮೊದಲು ಲೆಕ್ಕ ಮಾಡಿಕೊಳ್ಳಿ. ಶೇಕಡಾವಾರು ಪ್ರಮಾಣವೊಂದನ್ನೇ ನೋಡಿ ಗಾಬರಿಪಡುವ ಬದಲು, ಬಿಳಿ ರಕ್ತಕಣಗಳ ಒಟ್ಟು ಸಂಖ್ಯೆಗೆ ಅದನ್ನು ಅನ್ವಯಿಸಬೇಕು. ಒಟ್ಟು 8,000 ಇರುವವರಲ್ಲಿ ಈಸಿನೊಫಿಲ್ ಶೇ 10 ಇದ್ದರೆ ಅದು 800. ಒಟ್ಟು 4,000 ಇರುವವರಲ್ಲಿ ಅದೇ ಶೇ 10 ಎಂದರೆ 400. ಒಂದು ಮೈಕ್ರೋಲೀಟರ್ ರಕ್ತದಲ್ಲಿ ಸುಮಾರು 500ರವರೆಗೆ ಸಹಜವೆಂದು ಪರಿಗಣಿಸುವುದರಿಂದ ಎರಡನೆಯವರು ಚಿಂತಿಸಬೇಕಿಲ್ಲ. ವರದಿಯಲ್ಲಿ ‘ಎಇಸಿ’ ಎಂದು ಬರೆದಿರುವುದು ಈ ಗುಣಲಬ್ಧವನ್ನೇ.

ಬಳಿಕ ಇನ್ನೊಂದು ಬಗೆಯ ಬಿಳಿ ರಕ್ತಕಣವಾದ ಬೇಸೊಫಿಲ್‌ನ ಸಾಲಿಗೆ ಬನ್ನಿ. ಅಲ್ಲಿ ಸಾಮಾನ್ಯವಾಗಿ 0 ಅಥವಾ 1 ಇರುತ್ತದೆ, ಯಾರೂ ಅದನ್ನು ಗಮನಿಸುವುದಿಲ್ಲ. ಜರ್ಮನಿಯ ಪಾಲ್ ಎರ್ಲಿಕ್ 1879ರ ಸುಮಾರಿಗೆ ಬಣ್ಣಗಳ ನೆರವಿನಿಂದ ಬೇರ್ಪಡಿಸಿ ತೋರಿಸಿದ ಈ ಕಣವನ್ನು ಲೀಶ್‌ಮನ್ ಬಣ್ಣ ಹಾಕಿದ ಗಾಜಿನ ಪಟ್ಟಿಯ ಮೇಲೆ ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ಕಡುನೇರಳೆ ಹರಳುಗಳು ಒತ್ತೊತ್ತಾಗಿ ತುಂಬಿ ಒಳಗಿನ ಕೋಶಕೇಂದ್ರವನ್ನೇ ಮರೆಮಾಡಿರುತ್ತವೆ. ಪಕ್ಕದ ಈಸಿನೊಫಿಲ್‌ನಲ್ಲಾದರೋ ಹರಳುಗಳು ಇಟ್ಟಿಗೆಗೆಂಪು, ಕೋಶಕೇಂದ್ರ ಎರಡು ಹೋಳು. ಆ ನೇರಳೆ ಹರಳುಗಳೊಳಗೆ ಸೀನು, ತುರಿಕೆ ಬರಿಸುವ ಹಿಸ್ಟಮಿನ್ ಎಂಬ ರಾಸಾಯನಿಕ ಇರುತ್ತದೆ.

ಅದು ಹೊರಬರುವ ಕ್ರಮವನ್ನು ಹಾಸಿಗೆ, ದಿಂಬುಗಳ ದೂಳಿನಲ್ಲಿರುವ, ಕಣ್ಣಿಗೆ ಕಾಣದಷ್ಟು ಸಣ್ಣ ಮೈಟ್‌ಗಳ ಉದಾಹರಣೆಯಿಂದ ನೋಡಬಹುದು. ಅವುಗಳ ಹಿಕ್ಕೆಯಲ್ಲಿರುವ ಪ್ರೋಟೀನು ಮೊದಮೊದಲು ಮೈಗೆ ಸೇರಿದಾಗ ಹೊರಗೆ ಏನೂ ತೋರುವುದಿಲ್ಲ. ಆದರೆ ಅಲರ್ಜಿಯ ಒಲವಿರುವವರಲ್ಲಿ ಟಿ ಲಿಂಫೊಸೈಟ್‌ಗಳೆಂಬ ಬಿಳಿ ರಕ್ತಕಣಗಳು ಇಂಟರ್‌ಲ್ಯೂಕಿನ್-4 ಎಂಬ ರಾಸಾಯನಿಕ ಸಂದೇಶ ಹೊರಡಿಸಿ, ಬಿ ಲಿಂಫೊಸೈಟ್‌ಗಳಿಂದ ಐಜಿಇ ಎಂಬ ಪ್ರತಿಕಾಯವನ್ನು ತಯಾರಿಸಿಕೊಳ್ಳುತ್ತವೆ. ಈ ಐಜಿಇ ರಕ್ತದ ಬೇಸೊಫಿಲ್‌ಗಳ ಮೇಲೂ ಚರ್ಮ, ಮೂಗು, ಶ್ವಾಸನಾಳಗಳಲ್ಲಿ ಬೀಡುಬಿಟ್ಟ, ಹಿಸ್ಟಮಿನ್ ಹರಳುಗಳನ್ನೇ ತುಂಬಿಕೊಂಡ ಮಾಸ್ಟ್ ಕೋಶಗಳ ಮೇಲೂ ಅಂಟಿ ಕುಳಿತು ಕಾಯುತ್ತದೆ. ಮುಂದೊಮ್ಮೆ ಅದೇ ಪ್ರೋಟೀನು ಬಂದು ಅಕ್ಕಪಕ್ಕದ ಐಜಿಇಗಳನ್ನು ಒಟ್ಟಿಗೆ ಬೆಸೆದ ಕೂಡಲೇ ಹರಳುಗಳು ಬರಿದಾಗಿ, ನಿಮಿಷಗಳಲ್ಲೇ ಸೀನು, ತುರಿಕೆ, ದದ್ದು ಶುರುವಾಗುತ್ತವೆ. ಇಂಟರ್‌ಲ್ಯೂಕಿನ್-5ರ ಕರೆಗೆ ಈಸಿನೊಫಿಲ್‌ಗಳು ಗುಂಪುಗೂಡುವುದು ಕೆಲವು ಗಂಟೆಗಳ ನಂತರ. ಉರಿಯೂತವನ್ನು ಲಂಬಿಸುವುದರಲ್ಲಿ ಅವುಗಳ ಪಾಲು ದೊಡ್ಡದು.

ಹಾಗೆಂದು ಈಸಿನೊಫಿಲ್ ಏರಿದಾಗಲೆಲ್ಲ ಅಲರ್ಜಿ ಎನ್ನಲಾಗದು. ಹೊಟ್ಟೆಹುಳುಗಳಿಂದಲೂ ಅದು ಏರುತ್ತದೆ. ಆನೆಕಾಲು ರೋಗದ ಹುಳುವಿಗೆ ದೇಹ ಅತಿಯಾಗಿ ಪ್ರತಿಕ್ರಿಯಿಸಿದರೆ ಎಣಿಕೆ 3,000 ದಾಟಿ, ರಾತ್ರಿ ಆಸ್ತಮಾದಂಥ ಕೆಮ್ಮು ಕಾಡಬಹುದು; ಅದಕ್ಕೆ ಆ ಹುಳುವಿನ ಔಷಧಿಯಾದ ಡಿಇಸಿ ಮಾತ್ರೆಯ ಚಿಕಿತ್ಸೆಯೇ ಬೇರೆ. ಆನೆಕಾಲು ರೋಗ ಕಂಡುಬಂದಿರುವ ಕರಾವಳಿಯಲ್ಲಾಗಲಿ ಕಲಬುರಗಿ, ಬೀದರ್ ಕಡೆಯಲ್ಲಾಗಲಿ ಇರುವವರು ಇದನ್ನು ವೈದ್ಯರ ಗಮನಕ್ಕೆ ತರಬೇಕು. ಸ್ಟೀರಾಯ್ಡ್ ಮಾತ್ರೆ ನುಂಗುತ್ತಿದ್ದರೆ ಎಣಿಕೆ ತಾನಾಗಿ ಇಳಿದಿರುತ್ತದೆ, ಅದನ್ನೂ ಮುಚ್ಚಿಡಬಾರದು.

ಯಾವ ವಸ್ತುವಿನಿಂದ ಅಲರ್ಜಿ ಎಂಬುದನ್ನು ಈ ವರದಿ ಹೇಳದು. ಅದಕ್ಕೆ ಚರ್ಮದ ಚುಚ್ಚು ಪರೀಕ್ಷೆ ಇದೆ. ಮುಂಗೈ ಮೇಲೆ ಒಂದೊಂದು ದ್ರಾವಣದ ಹನಿಯಿಟ್ಟು ಮೆಲ್ಲಗೆ ಚುಚ್ಚಿ, 15ರಿಂದ 20 ನಿಮಿಷ ಕಾದು, ಬರಿಯ ಉಪ್ಪುನೀರು ಚುಚ್ಚಿದ ಜಾಗಕ್ಕಿಂತ 3 ಮಿಲಿಮೀಟರ್‌ನಷ್ಟಾದರೂ ದೊಡ್ಡದಾದ ಗಂಧೆ ಎದ್ದಿದೆಯೇ ಎಂದು ಅಳೆಯುತ್ತಾರೆ. ಸೀನಿಗೆ ನುಂಗುವ ಆ್ಯಂಟಿಹಿಸ್ಟಮಿನ್ ಮಾತ್ರೆ ಗಂಧೆಯನ್ನು ಅಡಗಿಸುವುದರಿಂದ, ವೈದ್ಯರನ್ನು ಕೇಳಿ ಸುಮಾರು ಒಂದು ವಾರ ಮೊದಲೇ ಅದನ್ನು ನಿಲ್ಲಿಸಬೇಕು. ಅಪರೂಪಕ್ಕೆ ಇಡೀ ದೇಹವೇ ಪ್ರತಿಕ್ರಿಯಿಸುವುದುಂಟು. ಆದ್ದರಿಂದ ಅಡ್ರಿನಲಿನ್ ಚುಚ್ಚುಮದ್ದು ಕೈಗೆಟುಕುವಂತೆ ಇಟ್ಟುಕೊಂಡಿರುವ ಕಡೆಯಲ್ಲೇ ಇದನ್ನು ಮಾಡಿಸಿಕೊಳ್ಳಿ.