ಹಳೆ ಸಿಂಗಲ್ ಕ್ಲಚ್ ಟ್ರ್ಯಾಕ್ಟರ್‌ಗೆ ಗೊಬ್ಬರ ಹರಡುವ ಯಂತ್ರ

ನಮ್ಮದು 35 ಎಚ್‌ಪಿಯ ಹಳೆ ಟ್ರ್ಯಾಕ್ಟರ್, ಸಿಂಗಲ್ ಕ್ಲಚ್, ಅಂದರೆ ಚಕ್ರಕ್ಕೂ ಪಿಟಿಒಗೂ (ಹಿಂದೆ ಕಟ್ಟಿದ ಯಂತ್ರವನ್ನು ಎಂಜಿನ್ ಬಲದಿಂದ ತಿರುಗಿಸುವ ಶಾಫ್ಟ್) ಒಂದೇ ಕ್ಲಚ್. ಪಿಟಿಒದಿಂದ ಓಡುವ ಸ್ಪ್ರೆಡರ್ ಕಟ್ಟಿದರೆ, ಗೇರ್ ಬದಲಿಸಲು ಕ್ಲಚ್ ತುಳಿದಾಗಲೆಲ್ಲ ಬೀಟರ್ (ಗೊಬ್ಬರ ಒಡೆದು ಹಿಂದಕ್ಕೆ ಎಸೆಯುವ, ತಿರುಗುವ ಭಾಗ) ನಿಲ್ಲುತ್ತಿತ್ತು, ಮತ್ತೆ ಕ್ಲಚ್ ಬಿಟ್ಟರೆ ಹಸಿ ಗೊಬ್ಬರದ ಭಾರಕ್ಕೆ ಎಂಜಿನ್ ಆಫ್. ರೇಸ್ ಜಾಸ್ತಿ ಕೊಟ್ಟೆ, ಅರ್ಧ ಲೋಡ್ ಹಾಕಿದೆ, ಪಿಟಿಒ ಶಾಫ್ಟ್‌ಗೆ ಓವರ್‌ರನ್ನಿಂಗ್ ಕಪ್ಲರ್ (ಒಂದೇ ಕಡೆಗೆ ಬಲ ದಾಟಿಸುವ ಜೋಡಣೆ) ಹಾಕಿದೆ. ಕಪ್ಲರ್ ಹಾಕಿದರೆ ಬೀಟರ್ ಟ್ರ್ಯಾಕ್ಟರನ್ನು ಮುಂದೆ ತಳ್ಳುವುದು ನಿಲ್ಲುತ್ತೆ ಅಷ್ಟೆ, ಇದಕ್ಕೆ ಔಷಧಿ ಅಲ್ಲ.

ಸರಿಹೋಗಿದ್ದು ಚಕ್ರದಿಂದಲೇ ಓಡುವ ಸ್ಪ್ರೆಡರ್ ತಂದಮೇಲೆ. ಪಿಟಿಒ ಬೇಕೇ ಇಲ್ಲ, ಅದರ ಟೈರ್ ಉರುಳಿದರೆ ಚೈನ್ ಮೂಲಕ ಬೀಟರ್ ತಿರುಗುತ್ತೆ. ಹಾಗಾಗಿ ಕೊಳ್ಳುವಾಗ ಟೈರ್ ನೋಡಿ, ಸವೆದಿದ್ರೆ ಒದ್ದೆ ನೆಲದಲ್ಲಿ ಸುಮ್ನೆ ಜಾರುತ್ತೆ. ಗೊಬ್ಬರ ಮುಂದಿನಿಂದ ಹಿಂದಕ್ಕೆ ತುಂಬಿ, ಬೀಟರ್‌ಗೆ ಒತ್ತಿ ತುಂಬಬೇಡಿ. ಗಾಡಿ ನಿಂತಿರುವಾಗಲೇ ಮೊದಲು ಬೀಟರ್ ಲಿವರ್ ಹಾಕಿ, ಆಮೇಲೆ ತಳದ ಚೈನ್ (ಗೊಬ್ಬರವನ್ನು ಬೀಟರ್ ಕಡೆಗೆ ಎಳೆಯುವುದು) ಲಿವರನ್ನು ಅತಿ ನಿಧಾನದ ವೇಗಕ್ಕೆ ಹಾಕಿ, ಲೋ ಎರಡನೇ ಗೇರಲ್ಲಿ ಹೊರಡಿ. ರಿವರ್ಸ್ ತೆಗೆಯುವ ಮುಂಚೆ ಎರಡೂ ಲಿವರ್ ಬಿಡಿಸಿ.