ಸಂಜೆ ನಾಲ್ಕರ ಎದೆಬಡಿತ

ಮೂರು ವರ್ಷದ ಹಿಂದೆ ನನಗೆ ಹೆಚ್ಚುಕಮ್ಮಿ ದಿನಾ ಸಂಜೆ ನಾಲ್ಕರ ಹೊತ್ತಿಗೆ ಎದೆ ಹೊಡೆದುಕೊಳ್ಳಲು ಶುರುವಾಗುತ್ತಿತ್ತು. ಕೈ ಸಣ್ಣಗೆ ನಡುಗುತ್ತಿತ್ತು. ಅಂಗೈ ಬೆವರುತ್ತಿತ್ತು. ಏನೋ ಕೆಟ್ಟದ್ದು ಆಗುತ್ತದೆ ಅನ್ನುವ ಹೆದರಿಕೆ, ಆದರೆ ಏನು ಅಂತ ಕೇಳಿದರೆ ಹೇಳಲು ಬರುತ್ತಿರಲಿಲ್ಲ. ರಾತ್ರಿ ಹಾಸಿಗೆ ಸೇರುವಷ್ಟರಲ್ಲಿ ಮೈ ದಣಿದಿರುತ್ತಿತ್ತು. ತಲೆಯೊಳಗೆ ಮಾತ್ರ ಓಟ ನಿಲ್ಲುತ್ತಿರಲಿಲ್ಲ.

ಮೊದಲು ವೈದ್ಯರ ಹತ್ತಿರ ಹೋದೆ. ನನ್ನಂತೆ ಕಷ್ಟಪಡುವವರಿಗೆಲ್ಲ ಇದನ್ನೇ ಮೊದಲು ಹೇಳುತ್ತೇನೆ. ಥೈರಾಯ್ಡ್ ಜಾಸ್ತಿ ಕೆಲಸ ಮಾಡಿದರೂ, ರಕ್ತ ಕಡಿಮೆ ಇದ್ದರೂ ಎದೆ ಹೀಗೇ ಹೊಡೆದುಕೊಳ್ಳಬಹುದು. ನನ್ನ ರಕ್ತ ಪರೀಕ್ಷೆ, ಇಸಿಜಿ ಎಲ್ಲ ಸರಿಯಾಗಿದ್ದವು. ಊಟತಿಂಡಿ ಹೇಗಿದೆ ಅಂತ ಅವರು ಕೇಳಿದಾಗ ಚೆನ್ನಾಗಿಯೇ ಇದೆ ಅಂದೆ. ಆಗ ಅದು ನಿಜವೆಂದೇ ನಂಬಿದ್ದೆ.

ಆಮೇಲೆ ಮನಸ್ಸಿಗೆ ಸಮಾಧಾನ ಕೊಡುತ್ತದೆ ಅಂತ ಯಾರು ಏನು ಹೇಳಿದರೂ ತಂದುಬಿಟ್ಟೆ. ಕ್ಯಾಮೊಮೈಲ್ ಹೂವು, ಗ್ರೀನ್ ಟೀ, ಕಪ್ಪು ಚಾಕೊಲೇಟ್, ಮೆಗ್ನೀಸಿಯಂ ಪುಡಿ. ಆ ಪುಡಿ ಹೊಟ್ಟೆ ಕೆಡಿಸಿತು, ನಾಲ್ಕೇ ದಿನಕ್ಕೆ ಬಿಟ್ಟೆ. ಉಳಿದದ್ದನ್ನು ಎರಡು ವಾರ ಬಿಡದೆ ತೆಗೆದುಕೊಂಡೆ. ನಾಲ್ಕು ಗಂಟೆಯ ಎದೆಬಡಿತ ಮಾತ್ರ ಇದ್ದ ಹಾಗೇ ಇತ್ತು.

ದಾರಿ ತೋರಿಸಿದ್ದು ಒಂದು ನೋಟ್‌ಬುಕ್. ಪುಟದಲ್ಲಿ ಗೆರೆ ಎಳೆದು ನಾಲ್ಕು ಸಾಲು ಮಾಡಿಕೊಂಡೆ. ಎಷ್ಟು ಗಂಟೆ, ಏನು ತಿಂದೆ ಅಥವಾ ಕುಡಿದೆ, ಮೈ ಹೇಗಿದೆ, ರಾತ್ರಿ ಎಷ್ಟು ಹೊತ್ತಿಗೆ ನಿದ್ದೆ ಬಂತು. ಮೂರು ವಾರ ಹೀಗೆ ಬರೆದೆ. ಊಟ ಚೆನ್ನಾಗಿದೆ ಅಂತ ವೈದ್ಯರಿಗೆ ಹೇಳಿದ್ದು ತಪ್ಪು ಅಂತ ಗೊತ್ತಾಗಲು ಒಂದು ವಾರವೂ ಬೇಕಾಗಲಿಲ್ಲ. ಬೆಳಿಗ್ಗೆ ಎಂಟಕ್ಕೆ ಬ್ರೆಡ್ ಮತ್ತು ಜಾಮ್. ಹನ್ನೊಂದಕ್ಕೆ ಕಾಫಿ. ಕೆಲಸ ಜಾಸ್ತಿ ಇದ್ದ ದಿನ ಮಧ್ಯಾಹ್ನ ಬಿಸ್ಕತ್ತು ಮತ್ತು ಇನ್ನೊಂದು ಕಾಫಿ. ಊಟ ಅಂತ ಕೂತರೆ ಮೂರರ ಮೇಲೆ, ಇಲ್ಲವಾದರೆ ಇಲ್ಲವೇ ಇಲ್ಲ. ಆದರೆ ಮೂರೂ ಭಾನುವಾರ ನಾಲ್ಕು ಗಂಟೆ ಸುಮ್ನೆ ಕಳೆದುಹೋಗಿತ್ತು. ರಜೆ ಅಲ್ವಾ, ತಲೆಬಿಸಿ ಇಲ್ಲ, ಅದಕ್ಕೇ ಅಂದುಕೊಂಡಿದ್ದೆ. ಸಾಲುಗಳನ್ನು ಪಕ್ಕಪಕ್ಕ ಇಟ್ಟು ನೋಡಿದಾಗ ಬೇರೆಯೇ ಕಂಡಿತು. ಭಾನುವಾರ ನಾನು ಒಂದು ಗಂಟೆಗೆ ಕೂತು ಹೊಟ್ಟೆ ತುಂಬ ಊಟ ಮಾಡುತ್ತಿದ್ದೆ.

ಹೊಟ್ಟೆ ಖಾಲಿ ಇದ್ದು ರಕ್ತದಲ್ಲಿ ಸಕ್ಕರೆ ಇಳಿದರೆ ಅದನ್ನು ಮೇಲೆತ್ತಲು ದೇಹ ಅಡ್ರಿನಾಲಿನ್ ಬಿಡುತ್ತದೆ. ಎದೆ ಬಡಿತ, ನಡುಕ, ಬೆವರು ಎಲ್ಲ ಅದರ ಕೆಲಸ. ಹೆದರಿಕೆಯಾದಾಗ ಬರುವುದೂ ಇದೇ ಅಡ್ರಿನಾಲಿನ್. ಹಸಿವಿನದ್ದು ಯಾವುದು, ಭಯದ್ದು ಯಾವುದು ಅಂತ ಒಳಗಿನಿಂದ ಗುರುತಿಸುವುದು ಕಷ್ಟ. ಮೈ ನಡುಗಿತು, ಅದಕ್ಕೊಂದು ಕಾರಣ ಬೇಕು ಅಂತ ಮನಸ್ಸು ಹುಡುಕಲು ಹೊರಟಿತು. ಹುಡುಕಿದರೆ ಚಿಂತೆ ಯಾರಿಗೆ ಸಿಗುವುದಿಲ್ಲ?

ಮಾಡಿದ್ದು ಇಷ್ಟೇ. ಬೆಳಿಗ್ಗೆ ಬ್ರೆಡ್ ಜೊತೆ ಎರಡು ಮೊಟ್ಟೆ, ಅಥವಾ ಓಟ್ಸ್ ಮತ್ತು ಮೊಸರು. ಮಧ್ಯಾಹ್ನ ಏನೇ ಆದರೂ ಒಂದು ಗಂಟೆಗೆ ಊಟ, ಅದರಲ್ಲಿ ಬೇಯಿಸಿದ ಕಾಳು, ಮೀನು, ಮೊಸರು ಹೀಗೆ ಪ್ರೋಟೀನ್ ಇರುವ ಏನಾದರೂ ಒಂದು. ಮೂರೂವರೆಗೆ ಒಂದು ಹಿಡಿ ಬಾದಾಮಿ ಅಥವಾ ಕುಂಬಳಬೀಜ, ಜೊತೆಗೆ ಬಾಳೆಹಣ್ಣು. ಕುಂಬಳಬೀಜದ ಮೇಲೆ ನನಗೆ ವಿಶೇಷ ಪ್ರೀತಿ. ದೊಡ್ಡವರಿಗೆ ದಿನಕ್ಕೆ 310ರಿಂದ 420 ಮಿಲಿಗ್ರಾಂ ಮೆಗ್ನೀಸಿಯಂ ಬೇಕು. 30 ಗ್ರಾಂ ಬೀಜದಲ್ಲಿ ಸುಮಾರು 150 ಮಿಲಿಗ್ರಾಂ ಸಿಗುತ್ತದೆ. ಪುಡಿಯ ಹಾಗೆ ಅದು ನನ್ನ ಹೊಟ್ಟೆ ಕೆಡಿಸಲಿಲ್ಲ. ಹತ್ತು ದಿನದಲ್ಲಿ ಕೈ ನಡುಗುವುದು ಬಹುಪಾಲು ನಿಂತಿತು.

ನಿದ್ದೆ ಮಾತ್ರ ಸರಿಹೋಗಲಿಲ್ಲ. ಅದಕ್ಕೆ ಕಾಫಿಯನ್ನು ಮುಟ್ಟಬೇಕಿತ್ತು, ನಾನು ಮುಂದಕ್ಕೆ ಹಾಕುತ್ತಲೇ ಇದ್ದೆ. ದಿನಕ್ಕೆ ಐದು ಕಪ್ ಕುಡಿಯುತ್ತಿದ್ದೆ, ಕೊನೆಯದು ಸಂಜೆ ಐದಕ್ಕೆ. ಒಂದು ಕಪ್‌ನಲ್ಲಿ ಸುಮಾರು 90 ಮಿಲಿಗ್ರಾಂ ಕೆಫೀನ್ ಅಂದುಕೊಂಡರೂ 450 ಆಯಿತು. ಆರೋಗ್ಯವಾಗಿರುವ ದೊಡ್ಡವರಿಗೆ ದಿನಕ್ಕೆ 400ರವರೆಗೆ ತೊಂದರೆಯಿಲ್ಲ ಅಂತ ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2015ರಲ್ಲಿ ಹೇಳಿದೆ. ಗರ್ಭಿಣಿಯರಿಗೆ ಅದರ ಅರ್ಧ. ಆದರೆ ನನ್ನನ್ನು ಹೆಚ್ಚು ಕಾಡಿದ್ದು ಕುಡಿಯುವ ಹೊತ್ತು. ದಿನವಿಡೀ ಎಚ್ಚರವಾಗಿದ್ದಂತೆ ಮಿದುಳಿನಲ್ಲಿ ಅಡಿನೋಸಿನ್ ಅನ್ನುವ ವಸ್ತು ಸೇರುತ್ತಾ ಹೋಗುತ್ತದೆ. ನಮಗೆ ತೂಕಡಿಕೆ ಬರುವುದು ಅದರಿಂದ. ಕೆಫೀನ್ ಹೋಗಿ ಅದರ ಜಾಗದಲ್ಲಿ ಕೂತುಬಿಡುತ್ತದೆ. ಕುಡಿದ ಕೆಫೀನ್‌ನಲ್ಲಿ ಅರ್ಧ ಕರಗಲು ಸುಮಾರು ಐದು ಗಂಟೆ ಬೇಕು. ಐದಕ್ಕೆ ಕುಡಿದದ್ದರ ಅರ್ಧ ರಾತ್ರಿ ಹತ್ತಕ್ಕೂ ಒಳಗೇ ಇರುತ್ತದೆ, ಕಾಲುಭಾಗ ಬೆಳಗಿನ ಜಾವ ಮೂರಕ್ಕೂ ಇರುತ್ತದೆ. ಮಲಗುವ ಆರು ಗಂಟೆ ಮೊದಲು 400 ಮಿಲಿಗ್ರಾಂ ಕೆಫೀನ್ ತೆಗೆದುಕೊಂಡರೂ ನಿದ್ದೆ ಒಂದು ಗಂಟೆಗಿಂತ ಜಾಸ್ತಿ ಕಡಿಮೆಯಾಗುತ್ತದೆ ಅಂತ 2013ರ ಒಂದು ಅಧ್ಯಯನ ತೋರಿಸಿದೆ.

ಇದನ್ನೆಲ್ಲ ಓದಿ ಒಂದೇ ದಿನಕ್ಕೆ ಕಾಫಿ ಬಿಟ್ಟೆ. ಅದು ತಪ್ಪಾಯಿತು. ಮರುದಿನ ಮಧ್ಯಾಹ್ನ ಶುರುವಾದ ತಲೆನೋವು ಮೂರನೇ ದಿನಕ್ಕೂ ಇಳಿಯಲಿಲ್ಲ. ಮನೆಯವರ ಮೇಲೆ ಸುಮ್ಮಸುಮ್ಮನೆ ಸಿಡುಕಿದೆ. ನಾಲ್ಕನೇ ದಿನ ಕಾಫಿ ಕುಡಿದು ಅರ್ಧ ಗಂಟೆ ಆಗುವಷ್ಟರಲ್ಲಿ ನೋವು ಹೋಯಿತು. ಎರಡನೇ ಸಲ ನಿಧಾನಕ್ಕೆ ಇಳಿದೆ. ಮೊದಲು ಸಂಜೆಯ ಕಪ್. ಐದು ದಿನಕ್ಕೊಮ್ಮೆ ಅದರಲ್ಲಿ ಕಾಲು ಭಾಗ ಕಡಿಮೆ ಮಾಡಿ, ಅಷ್ಟು ಜಾಗಕ್ಕೆ ಕೆಫೀನ್ ತೆಗೆದ ಕಾಫಿ ಹಾಕಿದೆ. ರುಚಿಯೂ ಸಿಕ್ಕಿತು, ಕೈಗೆ ಕಪ್ಪೂ ಸಿಕ್ಕಿತು. ಆಮೇಲೆ ಮಧ್ಯಾಹ್ನದ್ದು. ಎರಡು ತಿಂಗಳು ಹಿಡಿಯಿತು, ತಲೆನೋವು ಬರಲೇ ಇಲ್ಲ. ಈಗ ಬೆಳಿಗ್ಗೆ ಎರಡು ಕಪ್, ಹನ್ನೆರಡರ ಮೇಲೆ ಇಲ್ಲ. ಆ ಎರಡು ಕಪ್ಪನ್ನು ಬಿಡಬೇಕು ಅಂತ ನನಗೆ ಅನ್ನಿಸಿಲ್ಲ, ಅವು ನನಗೆ ಖುಷಿ ಕೊಡುತ್ತವೆ.

ಗ್ರೀನ್ ಟೀ ಉಳಿಸಿಕೊಂಡೆ, ಆದರೆ ಮಧ್ಯಾಹ್ನದ ಊಟವಾದ ತಕ್ಷಣ ಮಾತ್ರ. ಅದರಲ್ಲಿ ಎಲ್-ಥಿಯಾನಿನ್ ಅನ್ನುವ ಅಂಶವಿದೆ. ಜಪಾನಿನಲ್ಲಿ 1949ರಲ್ಲಿ ಅದನ್ನು ಗುರುತಿಸಿದರು. ಅದು ತೂಕಡಿಕೆ ತರದೆ ಮನಸ್ಸನ್ನು ಹಗುರ ಮಾಡುತ್ತದೆ ಅಂತ ಹೇಳುವ ಪರೀಕ್ಷೆಗಳಲ್ಲಿ ಹೆಚ್ಚಾಗಿ ಕೊಟ್ಟಿರುವುದು 200 ಮಿಲಿಗ್ರಾಂ. ಒಂದು ಕಪ್ ಟೀಯಲ್ಲಿ ಇರುವುದು ಅದಕ್ಕಿಂತ ಎಷ್ಟೋ ಕಡಿಮೆ. ಹಾಗಾಗಿ ನಾನು ಅದನ್ನು ಔಷಧಿ ಅಂತ ಕುಡಿಯುವುದಿಲ್ಲ. ಕಾಫಿಗಿಂತ ಕೆಫೀನ್ ಕಡಿಮೆ, ನನಗೆ ಅಷ್ಟು ಸಾಕು. ಚಾಕೊಲೇಟನ್ನೂ ಅದೇ ಹೊತ್ತಿಗೆ ತಂದುಕೊಂಡೆ. ಸಮಾಧಾನಕ್ಕೆ ಅಂತ ರಾತ್ರಿ ಒಂಬತ್ತೂವರೆಗೆ ತಿನ್ನುತ್ತಿದ್ದೆ, ಅದರಲ್ಲೂ ಕೆಫೀನ್ ಇದೆ ಅನ್ನುವುದು ಹೊಳೆದೇ ಇರಲಿಲ್ಲ.

ಮದ್ಯದ ಬಗ್ಗೆ ಕೇಳುವವರಿದ್ದಾರೆ. ಕುಡಿದರೆ ನಿದ್ದೆ ಬೇಗ ಬರುತ್ತದೆ, ನಿಜ. ಆದರೆ ರಾತ್ರಿಯ ಎರಡನೇ ಅರ್ಧ ಚೂರುಚೂರಾಗುತ್ತದೆ, ಮರುದಿನ ಆತಂಕ ಜಾಸ್ತಿಯಾಗುತ್ತದೆ. ಸಮಾಧಾನಕ್ಕೆ ಅಂತ ಯಾರೂ ಅದನ್ನು ಹಿಡಿಯಬೇಡಿ.

ಇನ್ನು ಬಿಸಿ ಹಾಲು. ಅದರಲ್ಲಿ ಟ್ರಿಪ್ಟೊಫಾನ್ ಅನ್ನುವ ಅಮೈನೋ ಆಮ್ಲ, ಅಂದರೆ ಪ್ರೋಟೀನ್‌ನ ಒಂದು ತುಣುಕು ಇದೆ, ಅದರಿಂದ ಮಿದುಳಿನಲ್ಲಿ ನಿದ್ದೆಗೂ ಮನಸ್ಸಿಗೂ ಸಂಬಂಧಪಟ್ಟ ಸೆರೊಟೋನಿನ್ ಅನ್ನುವ ವಸ್ತು ಆಗುತ್ತದೆ, ಹಾಗಾಗಿ ನಿದ್ದೆ ಬರುತ್ತದೆ ಅಂತ ಎಲ್ಲ ಕಡೆ ಓದಿರುತ್ತೀರಿ. ವಿಷಯ ಅಷ್ಟು ಸುಲಭವಿಲ್ಲ. ಟ್ರಿಪ್ಟೊಫಾನ್ ಮಿದುಳಿಗೆ ಹೋಗುವ ಬಾಗಿಲಿನಲ್ಲಿ ಬೇರೆ ಅಮೈನೋ ಆಮ್ಲಗಳೂ ನೂಕಾಡುತ್ತಿರುತ್ತವೆ. ಹಾಲಿನ ಪ್ರೋಟೀನ್‌ನಲ್ಲಿ ಅವೇ ಜಾಸ್ತಿ. ಬಾಳೆಹಣ್ಣಿನಲ್ಲಿ ಸೆರೊಟೋನಿನ್ ಇರುವುದು ನಿಜವಾದರೂ ತಿಂದ ಸೆರೊಟೋನಿನ್ ರಕ್ತದಿಂದ ಮಿದುಳಿಗೆ ದಾಟುವುದಿಲ್ಲ. ಇಷ್ಟು ಗೊತ್ತಿದ್ದೂ ನಾನು ರಾತ್ರಿ ಒಂದು ಲೋಟ ಬಿಸಿ ಹಾಲು ಅಥವಾ ಕ್ಯಾಮೊಮೈಲ್ ಕುಡಿಯುತ್ತೇನೆ, ನನಗೆ ಅದರಿಂದ ಹಿತವಾಗುತ್ತದೆ. ಏಕೆಂದರೆ ಅದನ್ನು ಮಾಡುವ ಹತ್ತು ನಿಮಿಷ ಫೋನ್ ಇನ್ನೊಂದು ಕೋಣೆಯಲ್ಲಿರುತ್ತದೆ. ಒಂದೇ ಒಂದು ದೀಪ ಉರಿಯುತ್ತಿರುತ್ತದೆ. ಬಿಸಿ ಇರುವುದರಿಂದ ಗಟಗಟ ಕುಡಿಯಲು ಆಗುವುದಿಲ್ಲ, ಊದಿ ಊದಿ ಕುಡಿಯಬೇಕು. ಊದುವುದೆಂದರೆ ಉಸಿರನ್ನು ಉದ್ದಕ್ಕೆ, ನಿಧಾನಕ್ಕೆ ಬಿಡುವುದು ತಾನೇ? ಹಾಗೆ ಉಸಿರು ಬಿಟ್ಟರೆ ಎದೆಬಡಿತ ಇಳಿಯುತ್ತದೆ. ಮೊದಲ ಎರಡು ವಾರ ಇದೇ ಕ್ಯಾಮೊಮೈಲನ್ನು ಕಂಪ್ಯೂಟರ್ ಮುಂದೆ ಕೂತು, ಮೇಲ್ ಓದುತ್ತಾ ಕುಡಿದಿದ್ದೆ.

ಕ್ಯಾಮೊಮೈಲ್ ಮಾಡುವಾಗ ಕುದಿದ ನೀರನ್ನು ಒಂದು ನಿಮಿಷ ಆರಲು ಬಿಡುತ್ತೇನೆ. ಒಂದು ಲೋಟ ನೀರಿಗೆ ಎರಡು ಟೀ ಚಮಚ ಒಣ ಹೂವು. ಮೇಲೆ ತಟ್ಟೆ ಮುಚ್ಚಿ ಏಳು ನಿಮಿಷ ಬಿಡುತ್ತೇನೆ. ಮುಚ್ಚದಿದ್ದರೆ ಪರಿಮಳವೆಲ್ಲ ಹಬೆಯ ಜೊತೆ ಹೋಗಿಬಿಡುತ್ತದೆ. ಮಲಗುವ ಒಂದು ಗಂಟೆ ಮೊದಲೇ ಕುಡಿದುಬಿಡುತ್ತೇನೆ, ಇಲ್ಲವಾದರೆ ರಾತ್ರಿ ಏಳಬೇಕಾಗುತ್ತದೆ. ಇದು ಸೇವಂತಿಗೆಯ ಜಾತಿಯ ಹೂವು. ಆ ಹೂಗಳ ಅಲರ್ಜಿ ಇರುವವರಿಗೆ ಬೇಡ. ವಾರ್ಫರಿನ್‌ನಂತಹ ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಕುಡಿಯಬಾರದು.

ಕಳೆದ ವರ್ಷ ಮನೆಯಲ್ಲಿ ಒಬ್ಬರಿಗೆ ಹುಷಾರಿಲ್ಲದೆ ಎರಡು ತಿಂಗಳು ಆಸ್ಪತ್ರೆಗೆ ಓಡಾಡಿದೆ. ಆಗ ಬಂದ ಹೆದರಿಕೆಗೆ ನಿಜವಾದ ಕಾರಣವಿತ್ತು. ಯಾವ ಹೂವಿನ ಕಷಾಯವೂ ಅದನ್ನು ತೆಗೆಯಲಿಲ್ಲ. ಆಪ್ತ ಸಮಾಲೋಚಕರ ಹತ್ತಿರ ಹೋಗಿ ಮಾತಾಡಿದೆ, ಅದರಿಂದ ಆಸರೆ ಸಿಕ್ಕಿತು. ಆದರೂ ಒಂದು ಗಂಟೆಯ ಊಟ ಬಿಡಲಿಲ್ಲ. ತುತ್ತು ಇಳಿಯದ ದಿನವೂ ಕ್ಯಾಂಟೀನಿನ ಮೂಲೆಯಲ್ಲಿ ಕೂತು ಮೊಸರು, ಬಾಳೆಹಣ್ಣು ಆದರೂ ತಿಂದೆ. ಚೀಲದಲ್ಲಿ ಬಾದಾಮಿ ಡಬ್ಬಿ ಇರುತ್ತಿತ್ತು. ದೊಡ್ಡ ವೈದ್ಯರು ವಾರ್ಡಿಗೆ ಬರುತ್ತಿದ್ದುದು ಸಂಜೆ ನಾಲ್ಕೂವರೆಗೆ. ಅವರು ಹೇಳುವುದನ್ನೆಲ್ಲ ನಾನೇ ಬರೆದುಕೊಳ್ಳಬೇಕಿತ್ತು. ಆ ನೋಟ್‌ಬುಕ್ ಈಗಲೂ ಇದೆ. ಅಕ್ಷರ ಎಲ್ಲೂ ನಡುಗಿಲ್ಲ.